ಒಣಗಿದ ಲೇನಿಗೆ ಯಾವ ಬಾಲ್?

ಗುರುವಾರ ನಮ್ಮ ಬೌಲಿಂಗ್ ಲೀಗ್ (ಉದ್ದದ ಲೇನಿನ ಮೇಲೆ ಬಾಲ್ ಉರುಳಿಸಿ ಹತ್ತು ಪಿನ್ನು ಬೀಳಿಸುವ ಆಟ) ಶುರುವಾಗುವುದೇ ರಾತ್ರಿ ಒಂಬತ್ತೂಕಾಲಿಗೆ. ಅಷ್ಟರಲ್ಲಿ ಸಂಜೆಯ ಲೀಗಿನವರು ಅದೇ ಲೇನುಗಳ ಮೇಲೆ ಮೂರು ಮೂರು ಗೇಮ್ ಆಡಿ ಹೋಗಿರುತ್ತಾರೆ. ನಡುವೆ ಯಾರೂ ಲೇನಿಗೆ ಹೊಸ ಎಣ್ಣೆ ಬಳಿಯುವ ಮಿಷಿನ್ ಓಡಿಸುವುದಿಲ್ಲ. ಮಿಷಿಗನ್ನಿನಲ್ಲಿ ಆರು ಚಳಿಗಾಲ ಹೀಗೇ, ಬೇರೆಯವರು ತುಳಿದು ಬಿಟ್ಟ ಲೇನಿನ ಮೇಲೆಯೇ ಆಡಿದ್ದೇನೆ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ದಾವಣಗೆರೆ ಹುಡುಗ ಹೋದ ವಾರ ಕೇಳಿದ: "ಅಣ್ಣಾ, ಮೊದಲನೇ ಗೇಮ್ ಹೇಗೋ ಆಗುತ್ತೆ. ಆಮೇಲೆ ಬಾಲ್ ಹುಚ್ಚು ಹಿಡಿದ ಹಾಗೆ ಎಡಕ್ಕೆ ಎಳೆಯುತ್ತೆ. ತಿರುಗದೇ ಇರೋ ಬಾಲ್ ತಗೊಂಡುಬಿಡ್ಲಾ?" ಪಿನ್ನುಗಳ ಸದ್ದಿನ ನಡುವೆ ಅರ್ಧ ಹೇಳಿದೆ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಾಗರದ ಕಡೆಯವನು. ಮಳೆಗಾಲದಲ್ಲಿ ನಮ್ಮ ಮನೆಯ ಅಂಗಳ ಪಾಚಿ ಕಟ್ಟಿ, ಕಾಲಿಟ್ಟಲ್ಲಿ ಜಾರುತ್ತಿತ್ತು. ಬೇಸಿಗೆಯಲ್ಲಿ ಅದೇ ಅಂಗಳದಲ್ಲಿ ಬರಿಗಾಲಲ್ಲಿ ಓಡುತ್ತಿದ್ದೆವು. ಬೌಲಿಂಗ್ ಲೇನಿನಲ್ಲಿ ಈ ಎರಡೂ ಒಟ್ಟಿಗೇ ಇವೆ. ನಾವು ದಾಟಬಾರದ ಫೌಲ್ ಲೈನಿನಿಂದ ಎಲ್ಲಕ್ಕೂ ಮುಂದಿರುವ ಹೆಡ್ ಪಿನ್ನಿಗೆ 60 ಅಡಿ. ಸಾಮಾನ್ಯ ಹೌಸ್ ಪ್ಯಾಟರ್ನಿನಲ್ಲಿ, ಅಂದರೆ ಬೌಲಿಂಗ್ ಸೆಂಟರಿನವರು ದಿನನಿತ್ಯ ಎಣ್ಣೆ ಹಾಕುವ ಮಾದರಿಯಲ್ಲಿ, ಮೊದಲ ಸುಮಾರು 40 ಅಡಿಗೆ ಮಾತ್ರ ಎಣ್ಣೆ, ಮುಂದೆಲ್ಲ ಒಣ ನೆಲ. ಬಾಲ್ ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ, ಒಣ ಜಾಗ ಸಿಕ್ಕಾಗ ನೆಲ ಹಿಡಿದು ತಿರುಗುತ್ತದೆ. ರಾತ್ರಿ ಒಂಬತ್ತೂಕಾಲರ ಹೊತ್ತಿಗೆ ಆ ಮೊದಲ ಭಾಗದ ಎಣ್ಣೆಯೂ ಹಿಂದಿನವರ ಬಾಲುಗಳಿಗೆ ಅಂಟಿ ಹೋಗಿರುತ್ತದೆ. ಹಾಗಾಗಿ ನಮ್ಮ ಬಾಲ್ ಎಲ್ಲೋ ನಡುದಾರಿಯಲ್ಲೇ ನೆಲ ಹಿಡಿದು, ಪಿನ್ನು ಮುಟ್ಟುವಷ್ಟರಲ್ಲಿ ದಣಿದುಬಿಡುತ್ತದೆ.

ಆ ದಣಿವನ್ನು ಹಿಂದಿನ ಸಾಲಿನ ಬಲತುದಿಯ 10ನೇ ಪಿನ್ನಿನಲ್ಲಿ ನೋಡಬಹುದು. ಬಲಗೈಯವರು ಪಾಕೆಟ್ಟಿಗೆ, ಅಂದರೆ ಹೆಡ್ ಪಿನ್ನಿಗೂ ಅದರ ಬಲಗಡೆಯ 3ನೇ ಪಿನ್ನಿಗೂ ನಡುವಿನ ಸಂದಿಗೆ, ಸರಿಯಾಗಿಯೇ ಹೊಡೆದಿರುತ್ತಾರೆ, ಒಂಬತ್ತು ಬೀಳುತ್ತವೆ. 10ರ ಕುತ್ತಿಗೆಗೆ ಬಡಿಯಬೇಕಿದ್ದ, ಅದರ ಮುಂದಿನ 6ನೇ ಪಿನ್ನು ಮಾತ್ರ ಮೆಲ್ಲಗೆ ಉರುಳಿ ಪಕ್ಕದ ಗಟರಿನಲ್ಲಿ ಮಲಗುತ್ತದೆ. 10 ಅಲ್ಲಾಡುವುದೂ ಇಲ್ಲ. ಒಂದೇ ಗೇಮಿನಲ್ಲಿ ಇದು ಮೂರು ಸಲ ಆದರೆ ಕೈಯ ತಪ್ಪು ಹುಡುಕಬೇಡಿ.

ಮೊದಲ ವರ್ಷ ನಾನೂ ಈ ಹುಡುಗನ ಹಾಗೇ ಯೋಚಿಸಿ, ಅಂಗಡಿಯವನ ಮಾತು ಕೇಳಿ ಪ್ಲಾಸ್ಟಿಕ್ ಬಾಲ್ ಕೊಂಡೆ. ಅದು ನೆಟ್ಟಗೇನೋ ಹೋಗುತ್ತಿತ್ತು. ಆದರೆ ಪಾಕೆಟ್ಟಿಗೆ ಓರೆಯಾಗಿ ನುಗ್ಗದೆ, ಹೆಡ್ ಪಿನ್ನು ತಾಗಿದ್ದೇ ತಡ ಪಕ್ಕಕ್ಕೆ ಸರಿದುಬಿಡುತ್ತಿತ್ತು. ಸ್ಟ್ರೈಕಿಗೆ, ಅಂದರೆ ಒಂದೇ ಎಸೆತಕ್ಕೆ ಹತ್ತೂ ಬೀಳುವುದಕ್ಕೆ, ಬಾಲ್ ಪಾಕೆಟ್ಟಿಗೆ ನುಗ್ಗಲು ಹೇಳುವ ಒಳ್ಳೆಯ ಕೋನ ಸುಮಾರು 6 ಡಿಗ್ರಿ. ನೇರ ಬಾಲಿನಲ್ಲಿ ಅದು ಸಿಗುವುದಿಲ್ಲ. ಒಣ ಲೇನಿನಲ್ಲಿ ಕಾಡುವುದು ಬಾಲ್ ತಿರುಗುವುದಲ್ಲ, ಬೇಗ ತಿರುಗುವುದು. ನಮಗೆ ಬೇಕಾದ್ದು ತಡವಾಗಿ ತಿರುಗುವ ಬಾಲ್. ಆ ಪ್ಲಾಸ್ಟಿಕ್ ಬಾಲ್ ಈಗಲೂ ನನ್ನ ಬ್ಯಾಗಿನಲ್ಲಿದೆ, ಒಂಟಿ 10ನೇ ಪಿನ್ನಿಗೆ ಅದರಷ್ಟು ನಂಬಿಕೆಯ ಬಾಲ್ ಇನ್ನೊಂದಿಲ್ಲ.

ಆರಿಸುವಾಗ ಮೊದಲು ಹೊರಗಿನ ಕವರ್ ನೋಡಿ. ಒಣ ನೆಲವನ್ನು ಚೆನ್ನಾಗಿ ಹಿಡಿಯುವ ರೆಸಿನ್ ಕವರಿಗೆ ರಿಯಾಕ್ಟಿವ್ ಅನ್ನುತ್ತಾರೆ. ಅದರಲ್ಲಿ ಹೊಳಪಿಲ್ಲದ ಮ್ಯಾಟ್ ಮೇಲ್ಮೈಯ ಸಾಲಿಡ್ ಬಾಲ್ ಬೇಗ ನೆಲ ಹಿಡಿಯುತ್ತದೆ, ಅದು ಎಣ್ಣೆ ತುಂಬಿದ ಲೇನಿಗೆ. ನಮಗೆ ಹೊಂದುವುದು ಪಾಲಿಶ್ ಮಾಡಿದ, ಸೌಮ್ಯವಾದ, ಮುತ್ತಿನ ಹೊಳಪಿನ ಪರ್ಲ್ ರಿಯಾಕ್ಟಿವ್. ಒಣ ಲೇನ್ ಅಂದ ಕೂಡಲೇ ಇನ್ನೊಂದು ಬಗೆಯ ಕವರ್ ಆದ ಯುರೆಥೇನಿನ ಹೆಸರು ಹೇಳುವವರು ಬಹಳ ಜನ. ಎಣ್ಣೆ ಕಡಿಮೆ ದೂರ ಹಾಕಿದ ಹೊಸ ಪ್ಯಾಟರ್ನಿಗೆ ಅದು ನಿಜಕ್ಕೂ ಒಳ್ಳೆಯದು. ಮೊದಲ ಭಾಗದ ಎಣ್ಣೆಯೇ ಸವೆದ ಲೇನಿನಲ್ಲಿ ಮಾತ್ರ ಅದೂ ಬೇಗ ಉರುಳತೊಡಗಿ ಕೊನೆಗೆ ಸಪ್ಪೆಯಾಗುತ್ತದೆ. ನನ್ನ ಅನುಭವದಲ್ಲಿ ಪರ್ಲೇ ಮೇಲು.

ಆಮೇಲೆ ಒಳಗಿನ ಕೋರ್. ಆರ್‌ಜಿ ಅನ್ನುವ ಅಂಕಿ ಬಾಲಿನ ತೂಕ ನಡುವಿಗೆ ಹತ್ತಿರವಿದೆಯೋ ಅಂಚಿಗೆ ಹರಡಿದೆಯೋ ಹೇಳುತ್ತದೆ. ನಿಯಮದ ಪ್ರಕಾರ ಅದು 2.46ರಿಂದ 2.80ರೊಳಗೆ ಇರಬೇಕು. ಬುಗುರಿ ಆಡಿದವರಿಗೆ ಇದು ಗೊತ್ತು: ಸಣ್ಣ ಬುಗುರಿ ಚಾಟಿ ಎಳೆದ ಕೂಡಲೇ ಗಿರ್ರೆನ್ನುತ್ತದೆ, ಹೊಟ್ಟೆ ಅಗಲವಾದದ್ದು ಅಷ್ಟು ಸುಲಭಕ್ಕೆ ಏಳುವುದಿಲ್ಲ. ಒಣ ಲೇನಿಗೆ ಆ ನಿಧಾನದ್ದೇ ಬೇಕು, ಅಂದರೆ ಆರ್‌ಜಿ ಹೆಚ್ಚಿರಬೇಕು.

ಡಿಫರೆನ್ಷಿಯಲ್, ಅಂದರೆ ಬಾಲ್ ಉರುಳುವಾಗ ಅದರ ಅಕ್ಷ ಎಷ್ಟು ಸರಿಯಬಲ್ಲದು ಎಂದು ತೋರಿಸುವ ಅಂಕಿ, ಕಡಿಮೆ ಇರಲಿ. ಆಡಿ ಬಂದ ಬಾಲ್ ಎತ್ತಿ ಬೆಳಕಿಗೆ ಹಿಡಿದರೆ ಅದರ ಮೇಲೆ ಎಣ್ಣೆಯ ಬಳೆಗಳು ಕಾಣುತ್ತವೆ. ಬಳೆಗಳು ದೂರದೂರ ಇದ್ದರೆ ಪ್ರತಿ ಸುತ್ತಿಗೂ ಬಾಲಿನ ಹೊಸ ಒಣ ಮೈ ನೆಲಕ್ಕೆ ತಾಗುತ್ತಿದೆ, ಹಿಡಿತ ಜಾಸ್ತಿ ಎಂದರ್ಥ. ನನ್ನ ಹಳೆಯ ಬಾಲಿನಲ್ಲಿ ಅವುಗಳ ನಡುವೆ ಒಂದು ಬೆರಳು ಇಡಬಹುದಿತ್ತು. ಈಗಿನದರಲ್ಲಿ ಗಾಜಿನ ಬಳೆಗಳ ಹಾಗೆ ಒತ್ತಾಗಿ ಕೂತಿರುತ್ತವೆ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಮಾತು. ಬಲಗೈಯವರಾದರೆ ಪಾದ ಎಡಕ್ಕೆ ಸರಿಸಿ ನೋಡಿ, ಲೇನಿನ ನಡುಭಾಗದಲ್ಲಿ ಎಣ್ಣೆ ಇನ್ನೂ ಉಳಿದಿರುತ್ತದೆ. ಇರುವ ಬಾಲಿಗೇ ಪಾಲಿಶ್ ಹಾಕಿಸಿ. ನಾನು ಇವೆರಡರಲ್ಲೇ ಒಂದು ಸೀಸನ್ ಕಳೆದೆ, ಅದರಿಂದ ಕಲಿತದ್ದೂ ಬಹಳ.

ಆ ಹುಡುಗನಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಪ್ರತಿ ಎಸೆತದ ನಂತರ ಬಾಲನ್ನು ಬಿಳಿ ಟವೆಲ್ಲಿನಲ್ಲಿ ಒರೆಸಬೇಕು, ಒರೆಸಿದ ಟವೆಲ್ ನೋಡಬೇಕು. ಮೊನ್ನೆ ಮೊದಲ ಗೇಮಿನಲ್ಲಿ ಅದರ ಮೇಲೆ ಬೂದು ಬಣ್ಣದ ಜಿಡ್ಡಿನ ಗೆರೆ ಬರುತ್ತಿತ್ತು. ಎರಡನೇ ಗೇಮಿನ ಏಳನೇ ಫ್ರೇಮಿನಲ್ಲಿ ಅವನು ಟವೆಲ್ ಹಿಡಿದುಕೊಂಡೇ ನನ್ನ ಹತ್ತಿರ ಬಂದ. "ಅಣ್ಣಾ, ಏನೂ ಅಂಟ್ತಾನೇ ಇಲ್ಲ." ನನ್ನ ಪರ್ಲ್ ಬಾಲನ್ನು ಬ್ಯಾಗಿನಿಂದ ಆಚೆ ತೆಗೆದೆ.