ನಿಲ್ಲಿಸಿದ ಸರ್ವರ್ ಉತ್ತರ ಕೊಟ್ಟ ದಿನ

ಪುಟದ ತಲೆಬರಹದಲ್ಲಿ ಒಂದು ಪದ ಬದಲಿಸಿದ್ದೆ, ಅಷ್ಟೆ. ಸೇವ್ ಮಾಡಿ ಬ್ರೌಸರ್ ರಿಫ್ರೆಶ್ ಮಾಡಿದರೆ ಹಳೆಯ ಪದವೇ ಕಾಣುತ್ತಿತ್ತು. ಕ್ಯಾಶ್, ಅಂದರೆ ಬ್ರೌಸರ್ ತನ್ನಲ್ಲೇ ಉಳಿಸಿಕೊಂಡ ಹಳೆಯ ಪ್ರತಿ, ಇರಬೇಕು ಅಂದುಕೊಂಡು ಅದನ್ನು ಅಳಿಸಿದೆ. ಇನ್‌ಕಾಗ್ನಿಟೋದಲ್ಲಿ ತೆರೆದೆ. ಬೇರೆ ಬ್ರೌಸರ್‌ನಲ್ಲೂ ನೋಡಿದೆ. ಊಹೂಂ.

ಲೈವ್ ಸರ್ವರ್‌ನಲ್ಲಿ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಇದ್ದದ್ದರಿಂದ ನನ್ನ ಲ್ಯಾಪ್‌ಟಾಪ್‌ಗೂ ಅದನ್ನೇ ಆವತ್ತು ಬೆಳಿಗ್ಗೆ ಹಾಕಿಕೊಂಡಿದ್ದೆ. ಪೋರ್ಟ್, ಅಂದರೆ ಸರ್ವರ್ ಕಾಯುವ ಬಾಗಿಲಿನ ನಂಬರ್, 8080. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಅಂದರೆ ಇದೇ ಕಂಪ್ಯೂಟರ್, ಅಂತ ಹೇಳಿ ಆ ಪೋರ್ಟನ್ನೇ ತೆರೆಯುತ್ತಿದ್ದೆ. ವೆಬ್‌ನ ಮಾಮೂಲಿ ಪೋರ್ಟ್ 80 ಯಾಕಲ್ಲ ಅಂದರೆ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ರೂಟ್, ಅಂದರೆ ಅಡ್ಮಿನ್, ಅನುಮತಿ ಬೇಕು. ಎಲ್ಲದಕ್ಕೂ ಆ ಅನುಮತಿ ಕೊಡುವ ಸುಡೋ ಕಮಾಂಡ್ ಹಾಕುವುದು ನನಗೆ ಆಗದ ಮಾತು.

ಒಂದು ಗಂಟೆ ಎಂಜಿನ್‌ಎಕ್ಸ್‌ನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲನ್ನೇ ಕೆದಕಿದೆ. ಪುಟಗಳಿರುವ ಫೋಲ್ಡರ್ ಸರಿ ಇದೆ, ಫೈಲ್ ಅನುಮತಿ ಸರಿ ಇದೆ. ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ತಲೆ ಎತ್ತದೆಯೇ ಕೇಳಿದರು: "ಆಕ್ಸೆಸ್ ಲಾಗ್ ನೋಡಿದ್ರಾ?"

ನೋಡಿರಲಿಲ್ಲ. ಸರ್ವರ್‌ಗೆ ಬಂದ ಪ್ರತಿ ಕೋರಿಕೆಯೂ ಅದರಲ್ಲಿ ಒಂದು ಸಾಲಾಗಿ ದಾಖಲಾಗುತ್ತದೆ. ಒಂದು ಟರ್ಮಿನಲ್‌ನಲ್ಲಿ ಲಾಗ್ ತೆರೆದಿಟ್ಟು ರಿಫ್ರೆಶ್ ಒತ್ತಿದೆ. ಬ್ರೌಸರ್‌ನಲ್ಲಿ ಪುಟ ಬಂತು. ಲಾಗ್‌ನಲ್ಲಿ ಒಂದೇ ಒಂದು ಸಾಲೂ ಬರಲಿಲ್ಲ. ಮತ್ತೆ ಒತ್ತಿದೆ, ಆಗಲೂ ಇಲ್ಲ. ಅನುಮಾನ ಬಂದು ಎಂಜಿನ್‌ಎಕ್ಸನ್ನು ನಿಲ್ಲಿಸಿಯೇ ಬಿಟ್ಟೆ. ರಿಫ್ರೆಶ್ ಒತ್ತಿದರೆ ಪುಟ ಆರಾಮಾಗಿ ಬಂತು!

8080ರಲ್ಲಿ ಯಾರು ಕೂತಿದ್ದಾರೆ ಅಂತ ಹುಡುಕಿದಾಗ ನೋಡ್, ಅಂದರೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಫ್ಟ್‌ವೇರ್, ಬಳಸುವ ಸರ್ವರ್ ಒಂದು ಸಿಕ್ಕಿತು. ಎರಡು ವಾರದ ಹಿಂದೆ ಇದೇ ಪ್ರಾಜೆಕ್ಟಿನ ಹಳೆಯ ಪ್ರತಿಯನ್ನು ನೋಡಲು ನಾನೇ ಶುರು ಮಾಡಿದ್ದು. ಲ್ಯಾಪ್‌ಟಾಪ್ ಮುಚ್ಚುತ್ತೇನೆಯೇ ಹೊರತು ಆಫ್ ಮಾಡುವ ಅಭ್ಯಾಸ ನನಗಿಲ್ಲ. ಅದು ಯಾವುದೋ ಟರ್ಮಿನಲ್ ಕಿಟಕಿಯ ಹಿಂದೆ ಸುಮ್ನೆ ಓಡುತ್ತಲೇ ಇತ್ತು.

ಹಾಗಾದರೆ ಎಂಜಿನ್‌ಎಕ್ಸ್ ಶುರು ಮಾಡಿದಾಗ "ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ" ಅನ್ನೋ ಎರರ್ ಬರಬೇಕಿತ್ತು, ಅಲ್ವಾ? ಇಲ್ಲೇ ಇರುವುದು ಸ್ವಾರಸ್ಯ. ಲೋಕಲ್‌ಹೋಸ್ಟ್ ಅನ್ನುವುದು ಬರೀ ಹೆಸರು. ಅದರ ಹಿಂದೆ ಎರಡು ವಿಳಾಸ ಇರಬಹುದು: ಇಂಟರ್ನೆಟ್ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ರ 127.0.0.1 ಮತ್ತು ಹೊಸ ಪದ್ಧತಿಯಾದ ಐಪಿವಿ6ರ ::1. ನನ್ನ ಎಂಜಿನ್‌ಎಕ್ಸ್ 127.0.0.1ರ 8080ರಲ್ಲಿ ಕೂತಿತ್ತು, ನೋಡ್ ::1ರ 8080ರಲ್ಲಿ. ಪೋರ್ಟ್ ನಂಬರ್ ಒಂದೇ ಆದರೂ ವಿಳಾಸ ಬೇರೆ. ಆದ್ದರಿಂದ ಜಗಳವೇ ಇಲ್ಲ. ಬ್ರೌಸರ್ ಮಾತ್ರ ಮೊದಲು ::1ರ ಬಾಗಿಲು ತಟ್ಟುತ್ತಿತ್ತು, ಅಲ್ಲಿಂದಲೇ ಉತ್ತರವೂ ಸಿಗುತ್ತಿತ್ತು. ನೋಡ್‌ನಲ್ಲಿ 17ನೇ ಆವೃತ್ತಿಗೆ ಮುಂಚೆ ಹೆಸರಿನ ವಿಳಾಸ ಹುಡುಕುವಾಗ ಐಪಿವಿ4 ವಿಳಾಸವನ್ನೇ ಮುಂದಿಡುತ್ತಿದ್ದರು. ಆಮೇಲೆ ಅದನ್ನು ಬಿಟ್ಟು, ಸಿಸ್ಟಮ್ ಕೊಟ್ಟ ಕ್ರಮವನ್ನೇ ಹಾಗೇ ಉಳಿಸಿಕೊಂಡರು. ಇಂಥ ಗೊಂದಲ ಆಮೇಲೆ ಜಾಸ್ತಿಯಾಗಿದ್ದು ಆಶ್ಚರ್ಯವಲ್ಲ.

ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಬದಲು 127.0.0.1 ಅಂತ ಟೈಪ್ ಮಾಡಿದ್ದರೆ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಹೊಟ್ಟೆ ಉರಿಯುವುದು ಅದಕ್ಕೇ.

ಈಗ ಎಂಜಿನ್‌ಎಕ್ಸ್ ಕಾನ್ಫಿಗ್‌ನಲ್ಲಿ ಎರಡೂ ವಿಳಾಸ ಬರೆಯುತ್ತೇನೆ. ಯಾರಾದರೂ ಮೊದಲೇ ಕೂತಿದ್ದರೆ ಶುರುವಿನಲ್ಲೇ ಎರರ್ ಬರುತ್ತದೆ, ಬರಲಿ. ಪ್ರತಿ ಪ್ರಾಜೆಕ್ಟಿಗೂ ಬೇರೆ ಪೋರ್ಟ್ ಕೊಡುತ್ತೇನೆ. 8080 ಎಲ್ಲರಿಗೂ ಇಷ್ಟ, ಅದಕ್ಕೇ ನನಗೆ ಬೇಡ. ಜೊತೆಗೆ ಸರ್ವರ್ ಪುಟದ ಜೊತೆ ಕಳಿಸುವ ಮಾಹಿತಿಯಲ್ಲಿ, ಅಂದರೆ ಉತ್ತರದ ಹೆಡರ್‌ನಲ್ಲಿ, ಪ್ರಾಜೆಕ್ಟಿನ ಹೆಸರು ಸೇರಿಸುತ್ತೇನೆ. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದರೆ ಯಾವ ಸರ್ವರ್ ಮಾತಾಡುತ್ತಿದೆ ಅಂತ ತಿಳಿಯುತ್ತದೆ. ಇದು ಒಂದೇ ಸಾಲಿನ ಕೆಲಸ.

0.0.0.0 ಬಗ್ಗೆಯೂ ಒಂದು ಮಾತು. ಸರ್ವರ್‌ಗೆ ಅದು ಕಂಪ್ಯೂಟರಿನ ಎಲ್ಲ ಐಪಿವಿ4 ವಿಳಾಸಗಳಲ್ಲೂ ಕೂರು ಅಂದಂತೆ. ಫೋನ್‌ನಲ್ಲಿ ಪುಟ ನೋಡಬೇಕು ಅಂತ ಕೆಲವರು ಸರ್ವರನ್ನು ಅಲ್ಲಿ ಕೂರಿಸಿ ಮರೆತುಬಿಡುತ್ತಾರೆ. ಫೈರ್‌ವಾಲ್ ತಡೆಯದಿದ್ದರೆ ಅದೇ ವೈಫೈನಲ್ಲಿರುವ ಬೇರೆಯವರಿಗೂ ಅದು ತೆರೆದ ಬಾಗಿಲೇ. ನೋಡಿ ಆದಮೇಲೆ ವಾಪಸ್ ಬದಲಿಸಿಬಿಡಿ.

ಹೋದ ತಿಂಗಳು ತಂಡಕ್ಕೆ ಹೊಸದಾಗಿ ಸೇರಿದವರೊಬ್ಬರು ಬಂದು, "ಪುಟದ ಬಣ್ಣ, ವಿನ್ಯಾಸ ಇರೋ ಸಿಎಸ್‌ಎಸ್ ಫೈಲ್ ಬದಲಿಸಿದರೂ ಬಣ್ಣ ಬದಲಾಗ್ತಿಲ್ಲ, ಕ್ಯಾಶ್ ಅನ್ಸುತ್ತೆ" ಅಂದರು. ನಾನು ಎಲ್ಲ ಬಲ್ಲವನ ಹಾಗೆ ಕುರ್ಚಿ ಎಳೆದುಕೊಂಡು ಕೂತು, "ಮೊದಲು ಲಾಗ್ ತೆರೀರಿ" ಅಂದೆ. ರಿಫ್ರೆಶ್ ಒತ್ತಿದರು. ಪುಟದ ಸಾಲು ಬಂತು, ಸಿಎಸ್‌ಎಸ್ ಫೈಲಿನ ಸಾಲು ಬರಲಿಲ್ಲ. ಅವರದು ನಿಜವಾಗಿಯೂ ಕ್ಯಾಶೇ ಆಗಿತ್ತು.