ಜೀಪಿನ ಪವರ್ ಸ್ಟೀರಿಂಗಿಗೆ ಹೋಸ್ ಮಾಡಿಸಿದ್ದು

ಸಕಲೇಶಪುರದ ಕಡೆಯ ತೋಟದ ದಾರಿಗಳಲ್ಲಿ ಹಳೆಯ ಮಹೀಂದ್ರ ಜೀಪು ಓಡಿಸಿದವರಿಗೆ ಅದರ ಸ್ಟೀರಿಂಗ್ ಎಷ್ಟು ಬಿಗಿ ಎಂದು ವಿವರಿಸಬೇಕಾಗಿಲ್ಲ. ಅಗಲದ ಟೈರ್ ಹಾಕಿಸಿದ ಮೇಲೆ ನಮ್ಮ ಎಂ.ಎಂ. 540 ಜೀಪನ್ನು ಕಿರಿದಾದ ಜಾಗದಲ್ಲಿ ತಿರುಗಿಸುವುದು ಅಪ್ಪನ ಭುಜಕ್ಕೆ ಆಗದ ಕೆಲಸವಾಯಿತು. ಹಾಗಾಗಿ ಬೇರೊಂದು ವಾಹನದಿಂದ ಬಿಚ್ಚಿದ ಪವರ್ ಸ್ಟೀರಿಂಗ್ ಬಾಕ್ಸ್ ಮತ್ತು ಪಂಪನ್ನು ತಂದು ಕೂರಿಸಿದೆವು. ಛಾಸಿಗೆ ಪ್ಲೇಟ್ ಹಾಕುವುದು, ಪುಲ್ಲಿಗಳನ್ನು ಒಂದೇ ಸಾಲಿಗೆ ತರುವುದು ಎರಡು ದಿನದಲ್ಲಿ ಮುಗಿಯಿತು. ಹೋಸ್‌ಗಳಿಗೆ ಮಾತ್ರ ಒಂದು ವಾರ ಹಿಡಿಯಿತು.

ಎಣ್ಣೆಯ ಒತ್ತಡದ ಬಲದಿಂದ ನಡೆಯುವ ಈ ವ್ಯವಸ್ಥೆಯಲ್ಲಿ ಎಣ್ಣೆಯ ಡಬ್ಬಿಯಿಂದ ಪಂಪಿಗೆ ಒಂದು, ಪಂಪಿನಿಂದ ಸ್ಟೀರಿಂಗ್ ಬಾಕ್ಸಿಗೆ ಒಂದು, ಬಾಕ್ಸಿನಿಂದ ಮರಳಿ ಡಬ್ಬಿಗೆ ಒಂದು, ಹೀಗೆ ಮೂರು ಹೋಸ್‌ಗಳಿರುತ್ತವೆ. ಇವುಗಳಲ್ಲಿ ನಡುವಿನದೇ ಪ್ರೆಷರ್ ಹೋಸ್. ಸ್ಟೀರಿಂಗ್ ಚಕ್ರವನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಅದರೊಳಗಿನ ಒತ್ತಡ ಸಾಮಾನ್ಯವಾಗಿ 80ರಿಂದ 120 ಬಾರ್‌ವರೆಗೆ ಏರುತ್ತದೆ. ನಾವು ಟೈರಿಗೆ ತುಂಬುವ ಗಾಳಿಯ ಒತ್ತಡ ಸುಮಾರು 2 ಬಾರ್ ಎಂಬುದನ್ನು ನೆನೆದರೆ ಇಲ್ಲಿ ಅಂದಾಜಿನ ಕೆಲಸ ಏಕೆ ಸಲ್ಲದು ಎಂಬುದು ತಿಳಿಯುತ್ತದೆ.

ನಾನು ಮೊದಲು ಮಾಡಿದ್ದು ಅಂದಾಜಿನ ಕೆಲಸವನ್ನೇ. ದಾರದಿಂದ ಉದ್ದ ಅಳೆದು, ಅಂಗಡಿಯಲ್ಲಿ ಅಳತೆ ಹೇಳಿ, ಎರಡೂ ತುದಿಗೆ ಎಲ್ಬೋ (ಬಾಗಿದ ಫಿಟಿಂಗ್) ಹಾಕಿಸಿ, ಯಂತ್ರದಲ್ಲಿ ಒತ್ತಿ ಪ್ರೆಸ್ ಮಾಡಿಸಿಕೊಂಡು ಬಂದೆ. ಪಂಪಿನ ಕಡೆಯ ನಟ್ ಮೂರು ಸುತ್ತು ಸಲೀಸಾಗಿ ಹೋಗಿ ನಂತರ ಕಚ್ಚಿಕೊಂಡಿತು. ಪಂಪಿನ ಅಡಾಪ್ಟರಿನದು 14 ಮಿ.ಮೀ. ವ್ಯಾಸದ, 1.5 ಪಿಚ್‌ನ (ಸುತ್ತಿನಿಂದ ಸುತ್ತಿಗೆ 1.5 ಮಿ.ಮೀ. ಅಂತರದ) ಮೆಟ್ರಿಕ್ ಥ್ರೆಡ್. ಅಂಗಡಿಯವರು ಹಾಕಿದ್ದು ಇಂಚಿಗೆ 18 ಸುತ್ತಿನ, ಒಂಬತ್ತು-ಹದಿನಾರು (9/16) ಅಂಗುಲದ ನಟ್. ಅದರ ವ್ಯಾಸ 14.29 ಮಿ.ಮೀ. ಆದ್ದರಿಂದ ಕಣ್ಣಿಗೆ ಎರಡೂ ಒಂದೇ ಆಗಿ ಕಂಡಿದ್ದವು. ಥ್ರೆಡ್ ಗೇಜ್ ಇಟ್ಟು ನೋಡುವ ಐದು ನಿಮಿಷದ ಕೆಲಸವನ್ನು ನಾನೂ ಮಾಡಿರಲಿಲ್ಲ, ಅವರೂ ಮಾಡಿರಲಿಲ್ಲ. ಇನ್ನೊಂದು ತುದಿಯ ಎಲ್ಬೋ ನೇರವಾಗಿ ಎಂಜಿನ್ನಿನ ಬಿಸಿ ಹೊಗೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆಗೆ ಮುಖ ಮಾಡಿತ್ತು.

ಎರಡನೆಯ ಸಲ ಪಂಪಿನ ಬೆಲ್ಟ್ ಕಳಚಿ, ತೆರೆದ ಬಾಯಿಗಳಿಗೆಲ್ಲ ಪ್ಲಗ್ ಹಾಕಿ, ಜೀಪನ್ನೇ ಹಾಸನದಲ್ಲಿ ಮಣ್ಣೆತ್ತುವ ಯಂತ್ರಗಳಿಗೆ ಹೋಸ್ ಮಾಡಿಕೊಡುವ ಇನ್ನೊಂದು ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ಮೊದಲು ದಪ್ಪ ಅಲ್ಯೂಮಿನಿಯಂ ತಂತಿಯನ್ನು ಬಗ್ಗಿಸಿ ದಾರಿ ಗುರುತಿಸಿದರು. ನಂತರ ಫಿಟಿಂಗ್‌ಗಳನ್ನು ಪ್ರೆಸ್ ಮಾಡದೆ ಹೋಸಿಗೆ ತೂರಿಸಿ, ಗಾಡಿಯಲ್ಲೇ ಕೂರಿಸಿ, ಎಲ್ಬೋ ಸರಿಯಾದ ಕೋನಕ್ಕೆ ಬಂದ ಮೇಲೆ ಫಿಟಿಂಗಿನಿಂದ ರಬ್ಬರಿನವರೆಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು. ಆ ಗೆರೆ ಕೂಡುವಂತೆ ಹಿಡಿದೇ ಯಂತ್ರದಲ್ಲಿ ಪ್ರೆಸ್ ಮಾಡಿ, ವರ್ನಿಯರ್‌ನಿಂದ ಫೆರೂಲಿನ (ಹೋಸಿನ ತುದಿಯನ್ನು ಹಿಡಿಯುವ ಲೋಹದ ಬಳೆಯ) ವ್ಯಾಸವನ್ನು ಎರಡು ಕಡೆ ಅಳೆದರು. ಅದಕ್ಕೂ ಮೊದಲು, ಕತ್ತರಿಸಿದ ಹೋಸಿನೊಳಗೆ ಗಾಳಿ ಹೊಡೆದಾಗ ಹೊರಬಿದ್ದ ಕಪ್ಪು ಪುಡಿಯನ್ನು ನನಗೆ ಅಂಗೈಯಲ್ಲಿ ತೋರಿಸಿದ್ದರು. ಆ ರಬ್ಬರ್ ಮತ್ತು ಉಕ್ಕಿನ ಪುಡಿ ಒಳಗೇ ಉಳಿದಿದ್ದರೆ ಬಾಕ್ಸಿನ ವಾಲ್ವ್ ಕೆಡುತ್ತಿತ್ತು.

ಹೋಸ್ ಯಾವುದಿರಬೇಕೆಂಬ ಬಗ್ಗೆ ಸ್ವಲ್ಪ ಚರ್ಚೆ ನಡೆಯಿತು. ಮೂರು-ಎಂಟು (3/8) ಅಂಗುಲದ ಒಂದು ವೈರ್ ಹೋಸ್, ಅಂದರೆ ರಬ್ಬರಿನೊಳಗೆ ಉಕ್ಕಿನ ತಂತಿಯ ಹೆಣಿಗೆ ಒಂದೇ ಪದರ ಇರುವುದು, 180 ಬಾರ್ ತಡೆಯುತ್ತದೆ, ಎರಡು ವೈರಿನದು 330 ಬಾರ್. ಹೆಚ್ಚು ಗಟ್ಟಿಯಾದದ್ದೇ ಒಳ್ಳೆಯದೆಂದು ಮೊದಲಿಗೆ ಅನ್ನಿಸಿದರೂ ನಮ್ಮ ಪಂಪಿಗೆ ಒಂದು ವೈರಿನದೇ ಸಾಕಾಗಿತ್ತು, ಎಂಜಿನ್ ಅಲುಗುವಾಗ ಅದು ಸುಲಭವಾಗಿ ಜೊತೆಗೂಡುತ್ತದೆ. ಅದನ್ನೂ 130 ಮಿ.ಮೀ.ಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸಬಾರದು. ಒತ್ತಡ ಬಿದ್ದಾಗ ಹೋಸಿನ ಉದ್ದ ನೂರಕ್ಕೆ ನಾಲ್ಕರವರೆಗೂ ಕುಗ್ಗಬಹುದಾದ್ದರಿಂದ ಬಿಗಿಯಾಗಿ ಎಳೆದು ಕಟ್ಟುವಂತೆಯೂ ಇಲ್ಲ. ಬಿಗಿಯುವಾಗ ಎರಡು ಸ್ಪ್ಯಾನರ್ ಹಿಡಿದು, ಹೋಸಿನ ಮೇಲೆ ಅಚ್ಚಾಗಿರುವ ಗೆರೆ ತಿರುಚಿಕೊಳ್ಳದಂತೆ ನೋಡಿಕೊಂಡೆವು.

ಮರಳುವ ಎಣ್ಣೆಗೆ ರೇಡಿಯೇಟರ್ ಹೋಸಿನ ತುಂಡು ಸಾಕೆಂದು ಹಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಿಗೆಂದು ಮಾಡಿದ ಆ ರಬ್ಬರ್ ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ಹೋಸನ್ನೇ ಕೇಳಿ ಪಡೆಯಿರಿ.

ಎಣ್ಣೆ ತುಂಬಿ, ಮುಂದಿನ ಚಕ್ರಗಳನ್ನು ಜ್ಯಾಕ್ ಮೇಲೆತ್ತಿ, ಎಂಜಿನ್ ಹಚ್ಚದೆ ಇಪ್ಪತ್ತು ಸಲ ಆಚೀಚೆ ತಿರುಗಿಸಿ ಗಾಳಿ ತೆಗೆದೆವು. ಎಂಜಿನ್ ಹಚ್ಚಿದ ಮೇಲೆ ಸೋರಿಕೆ ಹುಡುಕಲು ಕೈ ಹಾಕಲಿಲ್ಲ. ಸೂಜಿಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗುತ್ತದೆ. ಪ್ರತಿ ಜೋಡಣೆಯ ಕೆಳಗೂ ರಟ್ಟಿನ ತುಂಡು ಹಿಡಿದು ನೋಡಿದೆ, ಅಪ್ಪ ಸ್ಟೀರಿಂಗ್ ಚಕ್ರವನ್ನು ಎರಡೂ ಕೊನೆಗೆ ತಿರುಗಿಸುತ್ತಿದ್ದರು. ರಟ್ಟು ಒಣಗಿಯೇ ಇತ್ತು.