ವಿಯೆಟ್ನಾಂನಲ್ಲಿ ಮಳೆ ಬಂತಾ?

ನಮ್ಮನೆಯಲ್ಲಿ ಬೈಗುಳದ ಹಾಗೆ ಬಳಕೆಯಾಗುತ್ತಿದ್ದ ದೇಶದ ಹೆಸರು ಒಂದೇ, ವಿಯೆಟ್ನಾಂ. 2001-02ರಲ್ಲಿ ರೋಬಸ್ಟಾ ಕಾಫಿ ರೇಟು ನೆಲ ಕಚ್ಚಿತ್ತು. ಅಪ್ಪ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆಗಳನ್ನು ಮಾರದೆ ಗೋಡೌನಿನಲ್ಲಿ ಪೇರಿಸಿಟ್ಟಿದ್ದರು. ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ, ಸಿಕ್ಕಿದ ರೇಟಿಗೆ ಕೊಟ್ಟುಬಿಡಿ ಅಂತ ಅಮ್ಮ. ಆ ವಿಯೆಟ್ನಾಂನವರು ರಾಶಿಗಟ್ಟಲೆ ಕಾಫಿ ಬೆಳೆದು ನಮ್ಮನ್ನು ಮುಳುಗಿಸಿದರು ಅಂತ ಅಪ್ಪ.

ನಾನೂ ಹಾಗೇ ನಂಬಿದ್ದೆ. ಆಮೇಲೆ ಓದುತ್ತಾ ಹೋದಂತೆ ಸಿಟ್ಟಿಗಿಂತ ಬೆರಗೇ ಜಾಸ್ತಿ ಆಯ್ತು. 1975ರಲ್ಲಿ ಯುದ್ಧ ಮುಗಿದ ಮೇಲೂ ಅಲ್ಲಿ ವರ್ಷಗಟ್ಟಲೆ ಊಟಕ್ಕೇ ತತ್ವಾರ. 1990ರಲ್ಲೂ ತಲಾ ಆದಾಯದಲ್ಲಿ ಅವರು ನಮಗಿಂತ ಬಡವರು. 1986ರಲ್ಲಿ 'ದೊಯಿ ಮೊಯಿ', ಅಂದರೆ ಆರ್ಥಿಕ ಸುಧಾರಣೆ, ಅಂತ ದಾರಿ ಬದಲಿಸಿದರು. ಸಾಮೂಹಿಕ ಬೇಸಾಯ ಸಡಿಲಿಸಿ ಜಮೀನನ್ನು ಕುಟುಂಬಗಳ ಕೈಗೆ ಕೊಟ್ಟರು, ಮಾಲೀಕತ್ವ ಅಲ್ಲ, ಬಳಸುವ ಹಕ್ಕು ಅಷ್ಟೇ. ಸಾಕಾಯ್ತು. ಉತ್ತರದ ಬಡ ರೈತರು ಮಧ್ಯ ವಿಯೆಟ್ನಾಂನ ದಾಕ್ ಲಾಕ್ ಬೆಟ್ಟಗಳಿಗೆ ಬಂದು ರೋಬಸ್ಟಾ ನೆಟ್ಟರು. 2000ದ ಹೊತ್ತಿಗೆ ಕೊಲಂಬಿಯಾವನ್ನೇ ಹಿಂದೆ ಹಾಕಿ ಬ್ರೆಜಿಲ್ ನಂತರದ ಜಾಗಕ್ಕೆ ಬಂದು ಕೂತರು!

ನಮ್ಮಲ್ಲಿ ಸಿಲ್ವರ್ ಓಕ್ ನೆರಳು, ಅದರ ಮೇಲೆ ಮೆಣಸಿನ ಬಳ್ಳಿ, ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ಆಕಾಶ ನೋಡುವುದು. ಅಲ್ಲಿ ಬಹುಪಾಲು ಬಟಾಬಯಲು ತೋಟ, ಬಾವಿ ತೋಡಿ ನೀರು, ಕೈಬಿಚ್ಚಿ ಗೊಬ್ಬರ. ಹೆಕ್ಟೇರಿಗೆ ನಮ್ಮ ಇಮ್ಮಡಿಗಿಂತ ಜಾಸ್ತಿ ಇಳುವರಿ. ಸುಮ್ನೆ ಬಂದಿದ್ದಲ್ಲ ಅದು: ಕಾಡು ಹೋಯ್ತು, ಅಂತರ್ಜಲ ಇಳಿಯಿತು, ಅಲ್ಲೇ ಹುಟ್ಟಿ ಬೆಳೆದ 'ಎಡೆ' ಅನ್ನೋ ಬುಡಕಟ್ಟು ಜನರ ಎಷ್ಟೋ ಜಮೀನು ಕೈತಪ್ಪಿತು. ರೇಟು ಬಿದ್ದಾಗ ಅವರೂ ಗಿಡ ಕಿತ್ತರು, ಅದು ಅಪ್ಪನಿಗೆ ಗೊತ್ತಿರಲಿಲ್ಲ.

ಅಲ್ಲಿಗೇ ನಿಲ್ಲಲಿಲ್ಲ ಅವರು. 2007ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಸೇರಿದರು, ಆಮೇಲೆ ಉತ್ತರದ ಬಾಕ್ ನಿನ್ಹ್ ಪ್ರಾಂತ್ಯಕ್ಕೆ ಸ್ಯಾಮ್‌ಸಂಗ್ ಫೋನ್ ಕಾರ್ಖಾನೆ ಬಂತು. ಈಗ ತಲಾ ಆದಾಯದಲ್ಲಿ ನಮ್ಮನ್ನು ಚೆನ್ನಾಗೇ ದಾಟಿದ್ದಾರೆ. ಥಾಯ್ಲೆಂಡ್ ಇನ್ನೂ ಮುಂದಿದೆ, ನಿಜ. ಆದರೆ ಎಲ್ಲಿಂದ ಹೊರಟವರು ನೋಡಿ. ಫೋನಿನ ಬಿಡಿಭಾಗ ಹೊರಗಿಂದ ತರಿಸಿ ಜೋಡಿಸುವುದೇ ಅಲ್ಲಿ ಜಾಸ್ತಿ, ಕಾಫಿಯೂ ಬಹುಪಾಲು ಹಸಿ ಬೀಜವಾಗಿಯೇ ಹಡಗು ಹತ್ತುತ್ತದೆ. ಆ ಕೊನೇ ಮಾತು ನಮಗೂ ಅನ್ವಯ, ಅಲ್ವಾ?

2024ರಲ್ಲಿ ಅಲ್ಲಿ ಬರ ಬಿತ್ತು. ಇಲ್ಲಿ ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ 10,000 ರೂಪಾಯಿ ದಾಟಿತು. ಅಪ್ಪ ಈಗಲೂ ಫೋನ್ ಮಾಡಿದರೆ ಮೊದಲು ಕೇಳುವುದು ನನ್ನ ಆರೋಗ್ಯ ಅಲ್ಲ, "ವಿಯೆಟ್ನಾಂನಲ್ಲಿ ಮಳೆ ಬಂತಾ?" ಇಲ್ಲ ಅಂದರೆ ದನಿಯಲ್ಲೇ ಗೊತ್ತಾಗುತ್ತದೆ, ಖುಷಿಯಾಗಿದ್ದಾರೆ.